ಕಂತು ತಪ್ಪಿತೇ? ಮೊದಲು ದಿನ ಎಣಿಸಿ

2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮಡಿಕೇರಿಯ ದಾರಿಗಳು ಬಂದ್ ಆದವು. ಸೋಮವಾರಪೇಟೆಯ ನನ್ನ ಕಾಫಿ ಪುಡಿ ಘಟಕವೂ ನಿಂತಿತು. ಪ್ರವಾಸಿಗರೇ ಇಲ್ಲ ಅಂದಮೇಲೆ ಅಂಗಡಿಯವರು ಪುಡಿ ಯಾಕೆ ತಗೋತಾರೆ? ಹುರಿಯುವ ಯಂತ್ರಕ್ಕೆ ಗೋಣಿಚೀಲ ಹೊದಿಸಿ, ಬ್ಯಾಂಕಿನ ಫೋನ್ ಎತ್ತದೆ ಎರಡು ತಿಂಗಳು ಸುಮ್ನೆ ಕೂತೆ. ನೀವು ಹಾಗೆ ಕೂರಬೇಡಿ.

ಕಂತು 90 ದಿನ ದಾಟಿ ಬಾಕಿ ಉಳಿದರೆ ಸಾಲ ಎನ್‌ಪಿಎ, ಅಂದರೆ ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ, ಆಗುತ್ತದೆ. ನಮಗೆ ದಾರಿ ಇರುವುದು ಅದಕ್ಕೂ ಮುಂಚೆ. ಕಷ್ಟದಲ್ಲಿರುವ ಸಣ್ಣ ಉದ್ದಿಮೆಗಳಿಗೆಂದೇ ಕೇಂದ್ರ ಸರ್ಕಾರ 2015ರಲ್ಲಿ ಸಾಲದ ಕಂತು, ಅವಧಿಯನ್ನು ಹೊಂದಿಸಿಕೊಡುವ ಒಂದು ವ್ಯವಸ್ಥೆ ತಂದಿತು. 25 ಕೋಟಿ ರೂಪಾಯಿವರೆಗಿನ ಸಾಲಕ್ಕೆ ಅದು ಅನ್ವಯಿಸುತ್ತದೆ. ಬ್ಯಾಂಕಿನವರು ಕರೆಯುವವರೆಗೆ ಕಾಯಬೇಕಿಲ್ಲ, ನಾವೇ ಅರ್ಜಿ ಕೊಡಬಹುದು. 10 ಲಕ್ಷದವರೆಗಿನ ಸಾಲವನ್ನು ಶಾಖೆಯಲ್ಲೇ ನೋಡುತ್ತಾರೆ, ಅದಕ್ಕೂ ದೊಡ್ಡದು ಬ್ಯಾಂಕ್ ಇದಕ್ಕೆಂದೇ ಮಾಡಿರುವ ಸಮಿತಿಗೆ ಹೋಗುತ್ತದೆ. ಬ್ಯಾಂಕುಗಳು ಇದನ್ನು ಪಾಲಿಸಲೇಬೇಕು ಎಂದು 2024ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೆ ನಮ್ಮದು ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ, ಮಧ್ಯಮ ಉದ್ದಿಮೆ) ಎಂದು ಎನ್‌ಪಿಎ ಆಗುವ ಮೊದಲೇ ದಾಖಲೆ ಸಮೇತ ತಿಳಿಸಿರಬೇಕು ಎಂದೂ ಹೇಳಿತು. ಅದಕ್ಕೆ ದಾಖಲೆಯಾಗುವ ಸರ್ಕಾರದ ಉದ್ಯಮ್ ನೋಂದಣಿ ಇಲ್ಲದಿದ್ದರೆ ಇವತ್ತೇ ಮಾಡಿಸಿ.

ಅರ್ಜಿಯ ಜೀವ ಇರುವುದು ಲೆಕ್ಕದಲ್ಲಿ. ಮಗಳ ಹಳೇ ನೋಟ್‌ಬುಕ್ಕಿನಲ್ಲಿ ಎಲ್ಲವನ್ನೂ ಬರೆದೆ: ಕಾಫಿ ಬೀಜದ ವ್ಯಾಪಾರಿಗೆ ಬಾಕಿ, ಚಿಕೋರಿಯದ್ದು, ಕರೆಂಟ್ ಬಿಲ್, ಇಬ್ಬರು ಹೆಂಗಸರ ಕೂಲಿ. ಕೊನೆಗೆ ಭಾವನ ಹತ್ತಿರ ತಂದ ಕೈಸಾಲ. ಅದನ್ನು ಬರೆಯಲು ಕೈ ಬರಲಿಲ್ಲ. ಬಿಟ್ಟಿದ್ದರೆ ತಿಂಗಳಿಗೆ ಎಷ್ಟು ಕಟ್ಟಬಲ್ಲೆ ಅನ್ನುವ ಲೆಕ್ಕವೇ ಸುಳ್ಳಾಗುತ್ತಿತ್ತು, ಅಲ್ವಾ? ಮಳೆಗಾಲದಲ್ಲಿ ಮಾರಾಟ ಎಷ್ಟು ಇಳಿಯುತ್ತದೆ, ಡಿಸೆಂಬರ್ ರಜೆಯಲ್ಲಿ ಎಷ್ಟು ಏರುತ್ತದೆ ಎಂದು ಮೂರು ವರ್ಷದ್ದು ಪಕ್ಕಪಕ್ಕ ಇಟ್ಟೆ. ಎಪ್ಪತ್ತನೇ ದಿನ ಅರ್ಜಿ ಕೊಟ್ಟೆ. ಕಂತು ಇಳಿಸಿ, ಅವಧಿ ಎರಡು ವರ್ಷ ಮುಂದೆ ಹಾಕಿದರು. ಬಡ್ಡಿ ಬಿಡಲಿಲ್ಲ, ಒಟ್ಟು ಕಟ್ಟಿದ್ದು ಜಾಸ್ತಿಯೇ. ಯಂತ್ರ ಉಳಿಯಿತು, ಆ ಇಬ್ಬರ ಕೆಲಸವೂ ಉಳಿಯಿತು. ಅರ್ಜಿಯ ನಿಮ್ಮ ಪ್ರತಿಗೆ ಸೀಲು, ತಾರೀಖು ಹಾಕಿಸಿಕೊಳ್ಳದೆ ಬ್ಯಾಂಕಿನಿಂದ ಹೊರಗೆ ಬರಬೇಡಿ.

2016ರ ದಿವಾಳಿ ಕಾಯ್ದೆಯಲ್ಲಿ ಸಣ್ಣ ಉದ್ದಿಮೆಗಳಿಗೆ 2021ರಲ್ಲಿ ಬಂದ ಪ್ರೀ-ಪ್ಯಾಕ್ ದಾರಿ (ಸಾಲ ಕೊಟ್ಟವರ ಜೊತೆ ಮೊದಲೇ ಮಾತಾಡಿಕೊಂಡು ಪರಿಹಾರ ಯೋಜನೆ ಸಲ್ಲಿಸುವುದು) ಕಂಪನಿ, ಎಲ್‌ಎಲ್‌ಪಿ (ಸೀಮಿತ ಹೊಣೆಯ ಪಾಲುದಾರಿಕೆ ಸಂಸ್ಥೆ)ಗಳಿಗೆ ಮಾತ್ರ. ನನ್ನಂತೆ ಒಬ್ಬರೇ ಮಾಲೀಕರಾದ ಘಟಕಕ್ಕೆ ಅದು ಸಿಗುವುದಿಲ್ಲ.

ಎನ್‌ಪಿಎ ಆಗಿಯೇ ಹೋಗಿ ಸರ್ಫೇಸಿ ಕಾಯ್ದೆಯ (ಕೋರ್ಟಿಗೆ ಹೋಗದೆಯೇ ಅಡವಿಟ್ಟ ಆಸ್ತಿಯನ್ನು ಬ್ಯಾಂಕ್ ಸ್ವಾಧೀನಕ್ಕೆ ತಗೊಳ್ಳಲು ಬಿಡುವ ಕಾಯ್ದೆ) ನೋಟಿಸ್ ಬಂದರೆ ಬಾಕಿ ಕಟ್ಟಲು 60 ದಿನ ಸಮಯವಿದೆ. ಆಕ್ಷೇಪ ಬರೆದು ಕೊಡಿ, ಬ್ಯಾಂಕ್ 15 ದಿನದೊಳಗೆ ಉತ್ತರಿಸಬೇಕು. ಆಮೇಲೂ ಸ್ವಾಧೀನಕ್ಕೆ ಬಂದರೆ 45 ದಿನದೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಬಹುದು. ತೋಟ ಅಡವಿಟ್ಟಿದ್ದೀರಾ? ಆ ಕಾಯ್ದೆಯ 31ನೇ ಸೆಕ್ಷನ್ ಕೃಷಿ ಭೂಮಿಯನ್ನು ಹೊರಗಿಟ್ಟಿದೆ, ಆದರೆ ಕಾಫಿ ತೋಟ ಅದರಲ್ಲಿ ಬರುತ್ತದೋ ಇಲ್ಲವೋ ಅನ್ನುವ ತಕರಾರು ಇದೆ. ವಕೀಲರ ಹತ್ತಿರ ಹೋಗುವಾಗ ನೋಟಿಸಿನ ಜೊತೆ ಆರ್‌ಟಿಸಿಯನ್ನೂ ತಗೊಂಡು ಹೋಗಿ.