‘ಸಿಮೆಟ್ರಿ ಬರಲಿಲ್ಲ’ ಅಂದರೆ ಬರದೇ ಇದ್ದದ್ದು ಯಾವುದು?

ಕಳೆದ ದೀಪಾವಳಿಗೆ ನಾವು ಮನೆಯಲ್ಲೇ ಗೂಡುದೀಪ ಕಟ್ಟಿದೆವು. ಬಿದಿರು ಸೀಳಿ ಆರು ಚೌಕ ಮಾಡಿಕೊಂಡು, ಮೂಲೆಗೆ ಮೂಲೆ ಸೇರಿಸಿ ಕಟ್ಟಿದರೆ ನಡುನಡುವೆ ಎಂಟು ತ್ರಿಕೋನ ತಾವಾಗಿಯೇ ಬರುತ್ತವೆ. ಮೇಲೊಂದು ಚೌಕ, ಕೆಳಗೊಂದು, ಸುತ್ತ ನಾಲ್ಕು. ಸುತ್ತಲಿನ ಮೂರಕ್ಕೆ ಅಂಟಿಸುವಷ್ಟರಲ್ಲಿ ಕೆಂಪು ಕಾಗದ ಮುಗಿಯಿತು. ನಾಲ್ಕನೆಯದಕ್ಕೆ ಹಳದಿ ಹಚ್ಚಿ, ಅದನ್ನು ರಸ್ತೆಯ ಕಡೆಗೆ ಮಾಡಿ ತೂಗುಹಾಕಿದೆ. ಮಗಳು ಬಂದು ನೋಡಿದವಳೇ, “ಅಪ್ಪಾ, ಸಿಮೆಟ್ರಿ ಬರಲಿಲ್ಲ” ಎಂದಳು. ನನಗೇನೋ ಎಡ ಬಲ ಸರಿಯಾಗಿಯೇ ಕಂಡಿತ್ತು.

ಈ ಜಗಳ ತೀರಿಸಲು ಬೇಕಾದ ಸಾಮಾನು ಜಾಸ್ತಿ ಇಲ್ಲ. ಒಂದು ಸಣ್ಣ ಕನ್ನಡಿ, ಅಂಗಳದ ಮೂರು ಹೂ ಸಾಕು.

ಮೊದಲು ಪದ ನೋಡಿ

ಸಿಮೆಟ್ರಿ ಗ್ರೀಕ್ ಮೂಲದ ಪದ. ‘ಒಟ್ಟಿಗೆ’ ಮತ್ತು ‘ಅಳತೆ’ ಎಂಬ ಎರಡು ಮಾತು ಸೇರಿ ಆದದ್ದು. ನಮ್ಮ ಪಠ್ಯಪುಸ್ತಕದ ‘ಸಮ್ಮಿತಿ’ಯೊಳಗೂ ‘ಮಿತಿ’ ಇದೆ, ಅದೂ ಅಳತೆಯೇ. ಹಳೆಯ ಗ್ರೀಕರಿಗೆ ಈ ಪದ ಹೇಳುತ್ತಿದ್ದದ್ದು ಎಡ ಬಲ ಒಂದೇ ಇರಬೇಕು ಎಂದಲ್ಲ. ವಿಗ್ರಹದ ಕೈಗೂ ಮೈಗೂ, ಗುಡಿಯ ಕಂಬಕ್ಕೂ ಮಾಡಿಗೂ ಅಳತೆ ಹೊಂದಬೇಕು ಎಂದು. ಕನ್ನಡಿಯ ಅರ್ಥ ಗಟ್ಟಿಯಾದದ್ದು ಬಹಳ ತಡವಾಗಿ. ಫ್ರಾನ್ಸಿನ ಗಣಿತಜ್ಞ ಲೆಜಾಂಡ್ರ್ 1794ರ ತನ್ನ ರೇಖಾಗಣಿತದ ಪುಸ್ತಕದಲ್ಲಿ, ಎಡಗೈ ಬಲಗೈಗಳಂತೆ ಒಂದಕ್ಕೊಂದು ಪ್ರತಿಬಿಂಬವಾಗಿರುವ ಘನಾಕೃತಿಗಳಿಗೆ ಈ ಪದ ಬಳಸಿದ.

ಮಕ್ಕಳು ತಪ್ಪುವ ಜಾಗ ಇನ್ನೊಂದಿದೆ. ಸಣ್ಣ ತಟ್ಟೆ, ದೊಡ್ಡ ತಟ್ಟೆ ಒಂದೇ ಆಕಾರದ್ದಾದರೆ ಅವು ಸಮರೂಪ. ಗಾತ್ರವೂ ಒಂದೇ ಆದರೆ ಸರ್ವಸಮ. ಇವೆರಡಕ್ಕೂ ಎರಡು ವಸ್ತು ಬೇಕು. ಸಮ್ಮಿತಿಗೆ ಒಂದೇ ಸಾಕು, ಅದನ್ನು ಅದರ ಜೊತೆಗೇ ಹೋಲಿಸುವುದು.

ಹೋಲಿಸುವುದು ಹೇಗೆ? ನೀವು ಕಣ್ಣು ಮುಚ್ಚಿ. ನಾನು ವಸ್ತುವಿಗೆ ಏನೋ ಒಂದು ಮಾಡುತ್ತೇನೆ. ಕಣ್ಣು ಬಿಟ್ಟಾಗ ನಾನು ಮಾಡಿದ್ದು ನಿಮಗೆ ಗೊತ್ತೇ ಆಗದಿದ್ದರೆ ಅಲ್ಲಿ ಸಿಮೆಟ್ರಿ ಇದೆ. ಆ ‘ಏನೋ ಒಂದು’ ಏನೆಂದು ಹೇಳದೆ ಸುಮ್ನೆ ಸಿಮೆಟ್ರಿ ಎಂದರೆ ಅರ್ಧ ಮಾತು ಆಡಿದಂತೆ.

ಹೆಜ್ಜೆ 1: ಕನ್ನಡಿ ಇಡಿ

ಶಂಖಪುಷ್ಪದ ನಡುವೆ ಕನ್ನಡಿಯನ್ನು ನೆಟ್ಟಗೆ ನಿಲ್ಲಿಸಿ. ಹೂವಿನ ಉದ್ದಕ್ಕೆ ಹಿಡಿದರೆ ಅರ್ಧ ಹೂ ಕನ್ನಡಿಯೊಳಗೆ ಪೂರ್ತಿಯಾಗುತ್ತದೆ. ಅಡ್ಡ ಹಿಡಿದರೆ ಯಾವುದೋ ವಿಚಿತ್ರ ಹೂ ಕಾಣುತ್ತದೆ. ಅಂದರೆ ಇದಕ್ಕೆ ಒಂದೇ ಗೆರೆ.

ಈಗ ಬಲಮುರಿ ಗಣಪನ ಪಟವನ್ನು ಕನ್ನಡಿಗೆ ಹಿಡಿಯಿರಿ. ಸೊಂಡಿಲು ಎಡಮುರಿಯಾಯಿತು, ಅಲ್ವಾ? ಉಡುಪಿಯ ಕೃಷ್ಣನೂ ಹಾಗೆಯೇ. ಬಲಗೈಯಲ್ಲಿ ಕಡಗೋಲು, ಎಡಗೈಯಲ್ಲಿ ಹಗ್ಗ. ಕನ್ನಡಿಯಲ್ಲಿ ಎರಡೂ ಅದಲುಬದಲು. ಕನಕನ ಕಿಂಡಿಯ ‘ಕನಕ’ ಎಂಬ ಹೆಸರಂತೂ ತಮಾಷೆ. ಹಿಂದಿನಿಂದ ಓದಿದರೂ ಕನಕನೇ, ಆದರೆ ಬರೆದು ಕನ್ನಡಿಗೆ ಹಿಡಿದರೆ ನಡುವಿನ ‘ನ’ ಉಲ್ಟಾ ಆಗಿ ಗುಟ್ಟು ಬಿಟ್ಟುಕೊಡುತ್ತದೆ. ಸಿಮೆಟ್ರಿ ಇರುವುದು ಅಕ್ಷರಗಳ ಸಾಲಿನಲ್ಲಿ, ಅಕ್ಷರದ ರೂಪದಲ್ಲಲ್ಲ.

ಹೆಜ್ಜೆ 2: ತಿರುಗಿಸಿ

ನನಗೆ ಇಷ್ಟದ ಹೆಜ್ಜೆ ಇದೇ. ಒಂದು ಒಂಟಿಸುತ್ತಿನ ನಂದಿಬಟ್ಟಲು ಹೂ ತನ್ನಿ. ಐದು ಎಸಳು. 360ನ್ನು ಐದರಿಂದ ಭಾಗಿಸಿದರೆ 72. ಹೂವಿನ ತೊಟ್ಟು ಹಿಡಿದು 72 ಡಿಗ್ರಿ ತಿರುಗಿಸಿದರೆ ತಿರುಗಿಸಿದ್ದೇ ಗೊತ್ತಾಗುವುದಿಲ್ಲ. ಆಮೇಲೆ ಅದೇ ಹೂವಿಗೆ ಕನ್ನಡಿ ಇಡಿ. ಎಲ್ಲಿ ಇಟ್ಟರೂ ಕೂಡಿಬರುವುದಿಲ್ಲ! ಎಸಳುಗಳೆಲ್ಲ ಫ್ಯಾನಿನ ರೆಕ್ಕೆಯಂತೆ ಒಂದೇ ಕಡೆಗೆ ಬಾಗಿವೆ. ಕನ್ನಡಿಯಲ್ಲಿ ಅವು ಇನ್ನೊಂದು ಕಡೆಗೆ ಬಾಗುತ್ತವೆ. ಎಡ ಬಲ ಒಂದೇ ಇದ್ದರೆ ಮಾತ್ರ ಸಿಮೆಟ್ರಿ ಎಂದುಕೊಂಡವರನ್ನು ಸೋಲಿಸಲು ಈ ಹೂ ಒಂದೇ ಸಾಕು.

ಕೇಪಳದ ಹೂ ಇದಕ್ಕಿಂತ ಸಾಧು. ನಾಲ್ಕು ಎಸಳು, 90 ಡಿಗ್ರಿಗೊಮ್ಮೆ ಹಾಗೆಯೇ ಕಾಣುತ್ತದೆ, ಕನ್ನಡಿಗೂ ಹೆಚ್ಚುಕಡಿಮೆ ಒಗ್ಗುತ್ತದೆ. ದಾರೆಹುಳಿಯನ್ನು ಅಡ್ಡ ಕೊಯ್ದರೆ ಐದು ಮೂಲೆಯ ನಕ್ಷತ್ರ.

ತೆಂಗಿನಕಾಯಿ ಮಾತ್ರ ಮೋಸ ಮಾಡುತ್ತದೆ. ಸಿಪ್ಪೆ ಸುಲಿದು ನಾರು ತೆಗೆದರೆ ಮೂರು ಕಣ್ಣು. ಮೂರರಲ್ಲೊಂದು ತಿರುವು ತಿರುಗಿಸಿದರೆ ಮೊದಲಿನಂತೆಯೇ ಕಾಣುತ್ತದೆ. ಆದರೆ ಕಡ್ಡಿ ಹಾಕಿ ಚುಚ್ಚಿ ನೋಡಿ. ಒಂದು ಕಣ್ಣು ಮಾತ್ರ ಮೆತ್ತಗೆ, ಮೊಳಕೆ ಹೊರಡುವುದು ಅಲ್ಲಿಂದಲೇ. ನೋಟಕ್ಕಿದ್ದ ಸಿಮೆಟ್ರಿ ಮುಟ್ಟಿದಾಗ ಹೋಯಿತು.

ಹೆಜ್ಜೆ 3: ಸರಿಸಿ

ಹೆಂಚಿನ ಮಾಡನ್ನು ನೋಡಿ. 1865ರಲ್ಲಿ ಬಾಸೆಲ್ ಮಿಶನ್‌ನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದರು. ಆ ಹೆಂಚನ್ನು ಕೈಯಲ್ಲಿ ಹಿಡಿದರೆ ಎಡ ಅಂಚು ಬೇರೆ, ಬಲ ಅಂಚು ಬೇರೆ. ಒಂದು ಅಂಚು ಪಕ್ಕದ ಹೆಂಚಿನ ಮೇಲೆ ಕೂರಬೇಕು, ಇನ್ನೊಂದು ಪಕ್ಕದ್ದನ್ನು ತನ್ನ ಮೇಲೆ ಕೂರಿಸಿಕೊಳ್ಳಬೇಕು. ಎರಡೂ ಒಂದೇ ಇದ್ದಿದ್ದರೆ ನಮ್ಮ ಆಟಿಯ ಮಳೆಗೆ ಮನೆಯೊಳಗೆ ಪಾತ್ರೆ ಇಡಬೇಕಿತ್ತು. ಹೆಂಚಿಗೆ ಕನ್ನಡಿಯ ಸಿಮೆಟ್ರಿ ಇಲ್ಲದೇ ಇರುವುದರಿಂದಲೇ ಮಾಡಿಗೆ ಬೇರೊಂದು ಸಿಮೆಟ್ರಿ ಬಂತು. ಇಡೀ ಸಾಲನ್ನು ಒಂದು ಹೆಂಚಿನಷ್ಟು ಪಕ್ಕಕ್ಕೆ ಸರಿಸಿದರೂ ಮಾಡು ಹಾಗೆಯೇ ಕಾಣುತ್ತದೆ.

ಸರಿಸುವುದು ಕಾಲದಲ್ಲೂ ಆಗುತ್ತದೆ. ಉಡುಪಿಯ ಪರ್ಯಾಯದಲ್ಲಿ ಎಂಟು ಮಠ, ಒಂದೊಂದಕ್ಕೆ ಎರಡು ವರ್ಷ. 16 ವರ್ಷ ಮುಂದಕ್ಕೆ ಹೋದರೆ ಸರದಿ ಮತ್ತೆ ಅದೇ ಮಠಕ್ಕೆ.

ವಿಜ್ಞಾನದವರಿಗೆ ಇದು ಆಟವಲ್ಲ. ಇವತ್ತು ಮಲ್ಪೆಯಲ್ಲಿ ಕೈಬಿಟ್ಟ ಕಲ್ಲು ಬೀಳುವ ನಿಯಮವೇ ನಾಳೆಯೂ ಇರುತ್ತದೆ. ಜರ್ಮನಿಯ ಎಮಿ ನೋಥರ್ 1918ರಲ್ಲಿ ಪ್ರಕಟಿಸಿದ ಪ್ರಮೇಯದ ಪ್ರಕಾರ, ನಿಯಮ ಹೀಗೆ ಕಾಲದೊಂದಿಗೆ ಬದಲಾಗದೇ ಇರುವುದರಿಂದಲೇ ಶಕ್ತಿಯ ಒಟ್ಟು ಲೆಕ್ಕವೂ ಬದಲಾಗುವುದಿಲ್ಲ.

ಹೆಜ್ಜೆ 4: ಸಂಬಂಧಕ್ಕೂ ಹಚ್ಚಿ ನೋಡಿ

ಗಣಿತದಲ್ಲಿ ಸಂಬಂಧಕ್ಕೂ ಈ ಪದ ಇದೆ. ಇಬ್ಬರ ಜಾಗ ಅದಲುಬದಲು ಮಾಡಿದರೂ ಮಾತು ನಿಜವಾಗಿಯೇ ಉಳಿಯಬೇಕು. ಬೀಗರು, ವಾರಗಿತ್ತಿಯರು ಇದರಲ್ಲಿ ಪಾಸು. ಅತ್ತೆ ಸೊಸೆ ಫೇಲು. ಫೇಸ್‌ಬುಕ್ಕಿನ ಫ್ರೆಂಡ್ ಪಾಸು, ಇನ್‌ಸ್ಟಾಗ್ರಾಮಿನ ಫಾಲೋವರ್ ಫೇಲು. ಸಾಲ ಕೊಟ್ಟವರ ವಿಷಯ ಕೇಳಲೇಬೇಡಿ.

ಇನ್ನು ಗೂಡುದೀಪಕ್ಕೆ ಬರೋಣ. ಬರೀ ಬಿದಿರಿನ ಗೂಡು ಚೌಕದ ನಡುವಿನಿಂದ ತೂಗಿದರೆ ಒಂದು ಸುತ್ತಿನಲ್ಲಿ ನಾಲ್ಕು ಸಲ ಮೊದಲಿನಂತೆ ಕಾಣುತ್ತದೆ. ಅದೇ ಗೂಡನ್ನು ತ್ರಿಕೋನದ ನಡುವಿನಿಂದ ತೂಗಿದರೆ ಮೂರೇ ಸಲ. ನಾನು ಚೌಕದಿಂದ ತೂಗಿದ್ದೆ. ಹಳದಿ ಮುಖ ಎದುರಿಗಿತ್ತು, ಅದರ ಎಡಕ್ಕೂ ಬಲಕ್ಕೂ ಕೆಂಪು. ಕನ್ನಡಿಯ ಲೆಕ್ಕದಲ್ಲಿ ನಾನು ಸರಿ. ಆದರೆ ಅವಳು ನೋಡಿದಾಗ ಗಾಳಿಗೆ ದೀಪ ತಿರುಗುತ್ತಿತ್ತು. ಹಳದಿ ಒಂದು ಸುತ್ತಿಗೆ ಒಂದೇ ಸಲ ಬರುತ್ತಿತ್ತು. ತಿರುಗಿಸುವ ಲೆಕ್ಕದಲ್ಲಿ ಅವಳೂ ಸರಿ.

ಹಿಂದಿನ ಕೆಂಪನ್ನು ಕಿತ್ತು ಅಲ್ಲಿಗೂ ಹಳದಿ ಅಂಟಿಸಿದೆವು. ಈಗ ಸುತ್ತಿಗೆ ಎರಡು ಸಲ. ನಾಲ್ಕೂ ಹಳದಿ ಮಾಡೋಣ ಎಂದಳು. ಅಷ್ಟು ಹೊತ್ತಿಗೆ ಗೋಂದು ಮುಗಿದಿತ್ತು.