ಸೈಲೆನ್ಸರ್ ಬದಲಾಯಿಸಿದ ಮೇಲೆ ಬೈಕ್ ಜರ್ಕ್ ಹೊಡೀತಿದ್ಯಾ? ಮೊದಲು ಸೆನ್ಸರ್ ಯಾವ ಗಾಳಿ ನೋಡ್ತಿದೆ ಅಂತ ನೋಡಿ

ಫ್ಯೂಯಲ್ ಇಂಜೆಕ್ಷನ್ ಬೈಕಿಗೆ ಬೇರೆ ಸೈಲೆನ್ಸರ್ ಹಾಕ್ಸಿದ್ರಿ, ಸೌಂಡೇನೋ ಚೆನ್ನಾಗಿದೆ, ಆದ್ರೆ ಎರಡನೇ ಗೇರಲ್ಲಿ ನಿಧಾನಕ್ಕೆ ಹೋಗ್ತಿದ್ರೆ ಮುಗ್ಗರಿಸತ್ತೆ, ಥ್ರಾಟಲ್ ಬಿಟ್ಟ ತಕ್ಷಣ ಹಿಂದೆ ಪಟಪಟ ಅಂತ ಸಿಡಿಯತ್ತೆ, ಸಿಗ್ನಲ್ಲಲ್ಲಿ ನಿಂತ್ರೆ ಸ್ಲೋ, ಅಂದ್ರೆ ಐಡಲ್ ವೇಗ, ಒಂದ್ಸಲ ಮೇಲೆ ಒಂದ್ಸಲ ಕೆಳಗೆ. ಇದಕ್ಕೆ ಎಲ್ರೂ ಹೇಳೋದು ಒಂದೇ, "ಇಸಿಯು ರೀಮ್ಯಾಪ್ ಮಾಡ್ಸು", ಅಂದ್ರೆ ಎಷ್ಟು ಪೆಟ್ರೋಲ್ ಹೊಡೀಬೇಕು ಅಂತ ಲೆಕ್ಕ ಹಾಕೋ ಇಂಜಿನ್ ಕಂಪ್ಯೂಟರಿನ ಒಳಗಿನ ಟೇಬಲ್ (ಮ್ಯಾಪ್) ಬದಲಾಯಿಸು ಅಂತ. ನಾನೂ ಅದನ್ನೇ ನಂಬಿ, ಪೆಟ್ರೋಲ್ ಹೆಚ್ಚು ಕಮ್ಮಿ ಮಾಡೋ ಫ್ಯೂಯಲ್ ಕಂಟ್ರೋಲರ್ ಡಬ್ಬಿ ತಂದು ಕೂರಿಸಿ, ಪ್ಲಗ್ ಬದಲಾಯಿಸಿ, ಏರ್ ಫಿಲ್ಟರ್ ಬದಲಾಯಿಸಿ, ಕೊನೆಗೆ ನೋಡಿದ್ರೆ ಬೆಂಡ್ ಪೈಪ್ (ಇಂಜಿನ್ನಿಂದ ಸೈಲೆನ್ಸರಿಗೆ ಹೊಗೆ ಒಯ್ಯೋ ಪೈಪ್) ಇಂಜಿನ್ನಿಗೆ ಸೇರೋ ಜಾಗದಲ್ಲಿ ಹಳೇ ಪ್ಯಾಕಿಂಗ್ ಹಾಗೇ ಬಿಟ್ಟು ಅದರ ಮೇಲೇ ಪೈಪ್ ಕೂರಿಸಿದ್ರು. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ ಹಾಗಾಯ್ತು. ಅದಕ್ಕೇ ಈ ಕೆಲಸನ ಯಾವ ಕ್ರಮದಲ್ಲಿ ಮಾಡ್ಬೇಕು ಅಂತ ಬರೀತಿದೀನಿ, ಮಾರ್ಪಾಡು ಕೊನೇಲಿ ಬರತ್ತೆ, ಹುಡುಕಾಟ ಮೊದಲು.

ಮೊದಲು ಒಂದು ವಿಷ್ಯ ತಲೇಲಿ ಕೂರಿಸ್ಕೊಳ್ಳಿ. ಇಸಿಯುಗೆ ಕಣ್ಣಿಲ್ಲ. ಬೆಂಡ್ ಪೈಪಲ್ಲಿ ಕೂತಿರೋ ಆಕ್ಸಿಜನ್ ಸೆನ್ಸರ್ ಏನ್ ಹೇಳತ್ತೋ ಅದನ್ನೇ ನಂಬತ್ತೆ. ಹೊಗೆಯಲ್ಲಿ ಆಕ್ಸಿಜನ್ ಜಾಸ್ತಿ ಇದ್ರೆ "ಪೆಟ್ರೋಲ್ ಕಮ್ಮಿ ಆಯ್ತು, ಲೀನ್" ಅಂತಾನೂ, ಆಕ್ಸಿಜನ್ ಇಲ್ಲದಿದ್ರೆ "ಜಾಸ್ತಿ ಆಯ್ತು, ರಿಚ್" ಅಂತಾನೂ ಸೆನ್ಸರ್ ಹೇಳತ್ತೆ. ಸಾಮಾನ್ಯ ನ್ಯಾರೋಬ್ಯಾಂಡ್ ಸೆನ್ಸರ್, ಅಂದ್ರೆ ಲೀನ್ ಇಲ್ಲಾ ರಿಚ್ ಅಂತ ಅಷ್ಟೇ ಹೇಳೋ ಜಾತಿ, ಲೀನ್ ಇದ್ದಾಗ ಸುಮಾರು 0.1 ವೋಲ್ಟ್, ರಿಚ್ ಇದ್ದಾಗ 0.9 ವೋಲ್ಟ್ ಹತ್ರ ಕೊಡತ್ತೆ, ನಡುವೆ 0.45ರ ಹತ್ರ ದಡಕ್ಕನೆ ಈ ಕಡೆಯಿಂದ ಆ ಕಡೆ ಹಾರತ್ತೆ. ಆ ಹಾರೋ ಜಾಗನೇ ತೂಕದಲ್ಲಿ 14.7 ಭಾಗ ಗಾಳಿಗೆ 1 ಭಾಗ ಪೆಟ್ರೋಲ್ ಅನ್ನೋ ಲೆಕ್ಕ. ಇಸಿಯು ಐಡಲಲ್ಲಿ, ಒಂದೇ ಸ್ಪೀಡಲ್ಲಿ ಓಡ್ತಿರುವಾಗ ಈ ಗೆರೆಯ ಆಚೆ ಈಚೆ ಪೆಟ್ರೋಲ್ ಏರಿಸಿ ಇಳಿಸಿ ಆಟ ಆಡ್ತಿರತ್ತೆ, ಇದು ಕ್ಲೋಸ್ಡ್ ಲೂಪ್. ನೀವು ಫುಲ್ ಥ್ರಾಟಲ್ ಕೊಟ್ಟಾಗ ಸೆನ್ಸರ್ ಮಾತನ್ನ ಪಕ್ಕಕ್ಕಿಟ್ಟು ಒಳಗಿರೋ ಟೇಬಲ್ ಪ್ರಕಾರ ಹೊಡೆಯತ್ತೆ, ಅದು ಓಪನ್ ಲೂಪ್. ಈ ಎರಡರ ವ್ಯತ್ಯಾಸ ಗೊತ್ತಿದ್ರೆ ಅರ್ಧ ಕೆಲಸ ಆದ್ ಹಾಗೆ, ಯಾಕಂದ್ರೆ ತೊಂದರೆ ನಿಧಾನಕ್ಕೆ ಹೋಗುವಾಗ ಮಾತ್ರ ಇದ್ದು ಫುಲ್ ಎಳೆದಾಗ ಬೈಕ್ ಚೆನ್ನಾಗೇ ಹೋಗ್ತಿದ್ರೆ ನಿಮ್ಮ ಅನುಮಾನ ಸೆನ್ಸರ್ ಕಡೆ, ಲೀಕ್ ಕಡೆ ತಿರುಗ್ಬೇಕು. ಫುಲ್ ಎಳೆದಾಗ ಮಾತ್ರ ಉಸಿರು ಕಟ್ಟಿದ್ ಹಾಗಾದ್ರೆ ಮ್ಯಾಪ್, ಪೆಟ್ರೋಲ್ ಪಂಪ್, ಫಿಲ್ಟರ್ ಆ ಕಡೆ.

ಈಗ ಲೀಕ್ ವಿಷ್ಯ, ಇಲ್ಲೇ ಸ್ವಲ್ಪ ಜಾಸ್ತಿ ಹೊತ್ತು ಕೂರೋಣ. ಬೆಂಡ್ ಪೈಪಲ್ಲಿ ಲೀಕ್ ಇದ್ರೆ ಹೊಗೆ ಹೊರಗೆ ಬರತ್ತೆ ಅಷ್ಟೇ ಅಲ್ವಾ, ಅದಕ್ಕೂ ಜರ್ಕಿಗೂ ಏನ್ ಸಂಬಂಧ ಅಂತ ನಂಗೂ ಅನ್ನಿಸಿತ್ತು. ಆದ್ರೆ ಹೊಗೆ ಒಂದೇ ಸಮ ಹರಿಯಲ್ಲ, ಪಿಸ್ಟನ್ ಹೊಗೆ ತಳ್ಳೋ ಒಂದೊಂದು ಸ್ಟ್ರೋಕಿಗೆ ಒಂದೊಂದು ಅಲೆ ಥರ ಹೋಗತ್ತೆ, ಎರಡು ಅಲೆ ನಡುವೆ ಪೈಪ್ ಒಳಗೆ ಒತ್ತಡ ಹೊರಗಿನ ಗಾಳಿಗಿಂತ ಕೆಳಗಿಳಿಯತ್ತೆ, ಆಗ ಆ ಸಂದಿಯಿಂದ ಹೊರಗಿನ ಗಾಳಿ ಒಳಗೆ ಎಳ್ಕೊಳತ್ತೆ. ಸೆನ್ಸರ್ ಆ ಗಾಳಿಯ ಆಕ್ಸಿಜನ್ ನೋಡಿ "ಲೀನ್ ಲೀನ್" ಅಂತ ಕೂಗತ್ತೆ, ಪಾಪ ಇಸಿಯು ಪೆಟ್ರೋಲ್ ಸುರಿಯತ್ತೆ, ನಿಜಕ್ಕೂ ರಿಚ್ ಆಗಿ ಬೈಕ್ ಗಬ್ಬೆದ್ದು ಹೋಗತ್ತೆ. ಪ್ಲಗ್ ಬಿಚ್ಚಿ ನೋಡಿದ್ರೆ ಕಪ್ಪಗೆ ಮಸಿ, ಇಸಿಯು ಓದೋ ಸ್ಕ್ಯಾನರ್ ಹಾಕಿ ನೋಡಿದ್ರೆ ಲೀನ್ ಅಂತಿರತ್ತೆ. ಈ ಎರಡೂ ಒಂದಕ್ಕೊಂದು ಉಲ್ಟಾ ಇದ್ರೆ ತಿಳ್ಕೊಳ್ಳಿ, ಎಲ್ಲೋ ಸೆನ್ಸರಿಗೆ ತಪ್ಪು ಗಾಳಿ ಹೋಗ್ತಿದೆ. ಪ್ಲಗ್ ಮಿಸ್‌ಫೈರ್ ಆದ್ರೂ ಇದೇ ಕಥೆ, ಉರಿಯದೇ ಉಳಿದ ಗಾಳಿ ಹಾಗೇ ಹೊರಗೆ ಬಂದು ಸೆನ್ಸರ್ ಅದನ್ನೂ ಲೀನ್ ಅಂತಾನೇ ಓದತ್ತೆ, ಪಕ್ಕದಲ್ಲಿ ಉರಿಯದ ಪೆಟ್ರೋಲ್ ಎಷ್ಟಿದೆ ಅನ್ನೋದು ಅದಕ್ಕೆ ಬೇಕಾಗಿಲ್ಲ.

ಲೀಕ್ ಹುಡುಕೋದು ಹೀಗೆ. ಬೈಕ್ ಪೂರ್ತಿ ತಣ್ಣಗಿರ್ಬೇಕು. ಹೇರ್ ಡ್ರೈಯರ್ ಅಥವಾ ಬ್ಲೋವರ್‌ನ ತಣ್ಣನೆ ಗಾಳಿಗೆ ಇಟ್ಟು ಸೈಲೆನ್ಸರ್ ಬಾಯಿಗೆ ಬಟ್ಟೆ ಸುತ್ತಿ ಊದಿಸಿ. ಪಾತ್ರೆ ತೊಳೆಯೋ ಲಿಕ್ವಿಡ್ ಕಲಸಿದ ನೀರನ್ನ ಸ್ಪ್ರೇ ಬಾಟ್ಲಿಗೆ ಹಾಕ್ಕೊಂಡು ಇಂಜಿನ್ ಹೆಡ್ಡಿಗೆ ಪೈಪ್ ಸೇರೋ ಜಾಗ, ಸೆನ್ಸರ್ ಕೂತಿರೋ ನಟ್ಟಿನ ಬುಡ, ಬೆಂಡ್ ಪೈಪ್ ಸೈಲೆನ್ಸರ್ ಒಳಗೆ ಹೋಗೋ ಕ್ಲಾಂಪ್, ವೆಲ್ಡಿಂಗ್ ಗೆರೆ, ಎಲ್ಲಾ ಕಡೆ ಹೊಡೀರಿ. ನಂದ್ರಲ್ಲಿ ಹೆಡ್ ಹತ್ರ ಕೆಳಗಿನ ಸ್ಟಡ್ ಪಕ್ಕದಲ್ಲಿ ಸಾಸಿವೆ ಕಾಳಿನಷ್ಟು ಗುಳ್ಳೆ ಒಂದೊಂದೇ ಎದ್ದು ಒಡೀತಿತ್ತು, ಟಾರ್ಚ್ ಬಿಟ್ಟು ನೋಡಿದ್ರೆ ಅಲ್ಲೇ ಬೆರಳುಗುರಿನಗಲ ಮಸಿ, ಅಷ್ಟು ದಿನ ಅದನ್ನ ಆಯಿಲ್ ಕೊಳೆ ಅಂದ್ಕೊಂಡಿದ್ದೆ. ಸೆನ್ಸರಿಗಿಂತ ಮುಂದೆ ಅಂದ್ರೆ ಇಂಜಿನ್ ಕಡೆ ಇರೋ ಲೀಕ್ ಸಣ್ಣದಾದ್ರೂ ಬಿಡಬೇಡಿ. ಸೆನ್ಸರ್ ದಾಟಿ ಸ್ವಲ್ಪ ಹಿಂದೆ ಇದ್ರೂ ಗಾಳಿ ಹಿಮ್ಮುಖ ಬರತ್ತೆ, ದೂರ ಆದಷ್ಟೂ ಪರಿಣಾಮ ಕಮ್ಮಿ, ಸೈಲೆನ್ಸರ್ ತುದೀಲಿದ್ರೆ ಬರೀ ಸೌಂಡ್ ಕಿರಿಕಿರಿ.

ಪ್ಯಾಕಿಂಗ್ ಹೊಸದು ಹಾಕುವಾಗ ಹಳೇದು ಒಳಗೆ ಚಪ್ಪಟೆಯಾಗಿ ಅಂಟ್ಕೊಂಡಿರತ್ತೆ, ಪೋರ್ಟಿನ (ಇಂಜಿನ್ನಿಂದ ಹೊಗೆ ಹೊರಗೆ ಬರೋ ಬಾಯಿ) ಭಾಗನೇ ಅನ್ನೋ ಹಾಗೆ ಕಾಣತ್ತೆ, ಸಣ್ಣ ಸ್ಕ್ರೂಡ್ರೈವರಲ್ಲಿ ಮೆಲ್ಲಗೆ ಕೆದಕಿ ತೆಗೀರಿ. ಒಂದ್ಸಲ ಒತ್ತಿದ ಪ್ಯಾಕಿಂಗ್ ಮತ್ತೆ ಬಳಸೋ ಹಾಗಿಲ್ಲ. ಎಲ್ಲಾ ಬೋಲ್ಟ್ ಮೊದಲು ಕೈಯಲ್ಲಿ ಸಡಿಲವಾಗಿ ಹಾಕಿ, ಸೈಲೆನ್ಸರ್ ತಾನಾಗೇ ನೆಟ್ಟಗೆ ಕೂರ್ಲಿ, ಆಮೇಲೆ ಹೆಡ್ಡಿನ ಎರಡು ನಟ್‌ನ ಅದಕ್ಕೆ ಅರ್ಧ ಸುತ್ತು ಇದಕ್ಕೆ ಅರ್ಧ ಸುತ್ತು ಅಂತ ಸಮವಾಗಿ, ಆಮೇಲೆ ಕ್ಲಾಂಪ್, ಕೊನೇಲಿ ಹಿಂದಿನ ಬ್ರಾಕೆಟ್ ಬೋಲ್ಟ್. ಹಿಂದಿನದನ್ನ ಮೊದಲು ಟೈಟ್ ಮಾಡಿ ಪೈಪ್ ಎಳೆದು ಹೆಡ್ಡಿಗೆ ಹೊಂದಿಸೋರು ಜಾಸ್ತಿ, ಲೀಕ್ ಹುಟ್ಟೋದೇ ಅಲ್ಲಿಂದ. ಸಂದಿಗೆ ಸಿಲಿಕಾನ್ ಗಮ್ ಮೆತ್ತೋ ಆಸೆ ಬೇಡ, ಸಾಮಾನ್ಯ ಸಿಲಿಕಾನ್ ಗಮ್ಮಿನ ಆವಿ ಸೆನ್ಸರ್ ತುದಿ ಮೇಲೆ ಪದರ ಕಟ್ಟಿ ಅದನ್ನ ಕೊಂದೇ ಬಿಡತ್ತೆ.

ಇನ್ನೊಂದು ಕಡೆ, ಗಾಳಿ ಒಳಗೆ ಬರೋ ದಾರೀಲಿ ಥ್ರಾಟಲ್ ಬಾಡಿಗೂ ಹೆಡ್ಡಿಗೂ ನಡುವಿನ ರಬ್ಬರ್ ಬಿರುಕು ಬಿಟ್ಟಿದ್ರೂ ಸ್ಲೋ ಏರಿಳಿಯತ್ತೆ. ಬೆರಳಲ್ಲಿ ಬಗ್ಗಿಸಿ ನೋಡಿ ಸಾಕು. ಕ್ಲೀನರ್ ಸ್ಪ್ರೇ ಹೊಡೆದು ಆರ್‌ಪಿಎಮ್ ಬದಲಾಗತ್ತಾ ನೋಡೋ ವಿಧಾನ ಇದೆ, ಕೆಲಸನೂ ಮಾಡತ್ತೆ, ಆದ್ರೆ ಬಿಸಿ ಬೆಂಡ್ ಪೈಪ್ ಪಕ್ಕದಲ್ಲೇ ಇರತ್ತೆ, ಬೆಂಕಿ ಹತ್ತಿದ್ರೆ ಬೈಕೂ ಇಲ್ಲ ಹುಬ್ಬೂ ಇಲ್ಲ.

ಲೀಕ್ ಇಲ್ಲ ಅಂತ ಗಟ್ಟಿಯಾದ ಮೇಲೆ ಮಲ್ಟಿಮೀಟರ್ ತೆಗೀರಿ. ಆಕ್ಸಿಜನ್ ಸೆನ್ಸರಿಗೆ ನಾಲ್ಕು ವೈರ್ ಇದ್ರೆ ಸಾಮಾನ್ಯವಾಗಿ ಎರಡು ಬಿಳಿ ಹೀಟರಿಂದು, ಕಪ್ಪು ಸಿಗ್ನಲ್, ಬೂದು ಗ್ರೌಂಡ್, ಆದ್ರೂ ನಿಮ್ಮ ಬೈಕಿನ ವೈರಿಂಗ್ ಡಯಾಗ್ರಾಮ್ ಒಂದ್ಸಲ ನೋಡ್ಕೊಳ್ಳಿ. ಸೆನ್ಸರ್ ಸುಮಾರು 300 ಡಿಗ್ರಿ ದಾಟೋವರ್ಗೂ ಸರಿಯಾಗಿ ಮಾತಾಡಲ್ಲ, ಹಾಗಾಗಿ ಹೊರಗೆ ಗಾಳಿಯಾಡೋ ಜಾಗದಲ್ಲಿ ಬೈಕನ್ನ ಚೆನ್ನಾಗಿ ಬಿಸಿ ಮಾಡಿ, 2500 ಆರ್‌ಪಿಎಮ್ ಹತ್ರ ಹಿಡಿದು ಕಪ್ಲರ್ ಹಿಂಬದಿಯಿಂದ ಪಿನ್ ಚುಚ್ಚಿ ವೋಲ್ಟ್ ನೋಡಿ. 0.1ರಿಂದ 0.9ರ ತನಕ ಮೇಲೆ ಕೆಳಗೆ ಕುಣೀತಿರ್ಬೇಕು. 0.45ರಲ್ಲೇ ಕಲ್ಲಿನ ಹಾಗೆ ಕೂತಿದ್ರೆ ಸೆನ್ಸರ್ ತಣ್ಣಗಿದೆ, ಸತ್ತಿದೆ, ಇಲ್ಲಾ ವೈರ್ ಕಟ್ ಆಗಿದೆ. ಕೆಳಗೇ ಇದ್ರೆ ನಿಜವಾದ ಲೀನ್ ಅಥವಾ ಲೀಕ್, ಥ್ರಾಟಲ್‌ನ ಒಂದ್ಸಲ ಝಾಡಿಸಿ, ಆ ಕ್ಷಣಕ್ಕೆ 0.8 ದಾಟಿದ್ರೆ ಸೆನ್ಸರ್ ಜೀವಂತ ಇದೆ ಅಂತ. ಕೆಲವು ಸಣ್ಣ ಬೈಕಲ್ಲಿ ವೋಲ್ಟ್ ಹುಟ್ಟಿಸೋದ್ರ ಬದಲು ರೆಸಿಸ್ಟೆನ್ಸ್ ಬದಲಾಯಿಸೋ ಜಾತಿ ಸೆನ್ಸರ್ ಇರತ್ತೆ, ಅದಕ್ಕೆ ಈ ಲೆಕ್ಕ ಹೊಂದಲ್ಲ, ಸರ್ವಿಸ್ ಮ್ಯಾನ್ಯುಯಲ್ಲೇ ಗತಿ.

ಬೇರೆ ಸೆನ್ಸರ್‌ಗಳನ್ನ ಬೇಗ ಮುಗಿಸ್ತೀನಿ. ಥ್ರಾಟಲ್ ಪೊಸಿಷನ್ ಸೆನ್ಸರಲ್ಲಿ ಥ್ರಾಟಲ್ ಮುಚ್ಚಿದಾಗ ಸಾಮಾನ್ಯವಾಗಿ 0.5ರಿಂದ 0.7 ವೋಲ್ಟ್, ಪೂರ್ತಿ ತೆಗೆದಾಗ 4 ವೋಲ್ಟಿನ ಮೇಲೆ, ನಡುವೆ ಎಲ್ಲೂ ಹಾರದೆ ನಯವಾಗಿ ಏರ್ಬೇಕು. ಇಂಜಿನ್ ಟೆಂಪರೇಚರ್ ಸೆನ್ಸರ್ ಬಿಸಿಯಾದ ಹಾಗೆ ರೆಸಿಸ್ಟೆನ್ಸ್ ಇಳೀಬೇಕು, ಅದು ಕೆಟ್ಟು ಯಾವಾಗ್ಲೂ "ತಣ್ಣಗಿದೆ" ಅಂದ್ರೆ ಇಸಿಯು ಚೋಕ್ ಎಳೆದ ಹಾಗೆ ಪೆಟ್ರೋಲ್ ಹೊಡೀತಾನೇ ಇರತ್ತೆ. ಇಸಿಯು ಬರೆದಿಡೋ ದೋಷದ ಕೋಡ್ ಓದೋ ಸೌಲಭ್ಯ ಇದ್ರೆ ಪಿ0131 ಅಂದ್ರೆ ಆಕ್ಸಿಜನ್ ಸೆನ್ಸರ್ ವೋಲ್ಟ್ ಕಮ್ಮಿ, ಪಿ0135 ಅಂದ್ರೆ ಅದರ ಹೀಟರ್ ಸರ್ಕ್ಯೂಟ್, ಪಿ0122 ಅಂದ್ರೆ ಥ್ರಾಟಲ್ ಸೆನ್ಸರ್ ವೋಲ್ಟ್ ಕಮ್ಮಿ. ಪಿ0131 ಬಂತು ಅಂತ ಸೆನ್ಸರ್ ಕೊಳ್ಳೋಕೆ ಓಡಬೇಡಿ, ಲೀಕ್ ಇದ್ರೂ ಅದೇ ಕೋಡ್ ಬರಬಹುದು.

ಇಷ್ಟೆಲ್ಲಾ ಸರಿ ಇದ್ದೂ ಹೊಸ ಸೈಲೆನ್ಸರಿಂದ್ಲೇ ತೊಂದರೆ ಅಂತಾದ್ರೆ ಈಗ ಮಾರ್ಪಾಡಿಗೆ ಬನ್ನಿ. ಮೊದಲನೇದು ಸೆನ್ಸರ್ ಜಾಗ. ಹೊಸ ಬೆಂಡ್ ಪೈಪಲ್ಲಿ ಸೆನ್ಸರ್ ಕೂರಿಸೋ ನಟ್ ಇಲ್ಲ ಅಂತ ಕೆಲವರು ಸೆನ್ಸರನ್ನ ಕೇಬಲ್ ಟೈ ಹಾಕಿ ಫ್ರೇಮಿಗೆ ಕಟ್ಟಿ ಬಿಡ್ತಾರೆ, ಅದು ಬರೀ ಗಾಳೀಲಿ ನೇತಾಡ್ಕೊಂಡು ಲೀನ್ ಸಿಗ್ನಲ್ಲೇ ಕಳಿಸ್ತಿರತ್ತೆ. ನಟ್ ವೆಲ್ಡ್ ಮಾಡ್ಸಿ. ಥ್ರೆಡ್ ಸಾಮಾನ್ಯವಾಗಿ 18 ಎಂಎಂ 1.5 ಪಿಚ್ ಅಥವಾ 12 ಎಂಎಂ 1.25 ಪಿಚ್ ಇರತ್ತೆ, ಅಳೆದು ತಗೊಳ್ಳಿ. ಕಂಪನಿ ಪೈಪಲ್ಲಿ ಪೋರ್ಟಿಂದ ಎಷ್ಟು ದೂರ ಇತ್ತೋ ಅಷ್ಟೇ ದೂರ, ಕ್ಯಾಟ್ (ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್) ಇದ್ರೆ ಅದಕ್ಕಿಂತ ಮೊದಲು. ಸೆನ್ಸರ್ ಪೈಪಿನ ಮೇಲರ್ಧದಲ್ಲಿ ಓರೆಯಾಗಿ ನಿಲ್ಬೇಕು, ತುದಿ ಕೆಳಮುಖ. ಕೆಳಗಿಂದ ಮೇಲಕ್ಕೆ ಕೂರಿಸಿದ್ರೆ ಬೆಳಗ್ಗೆ ಪೈಪಲ್ಲಿ ಕಟ್ಟೋ ನೀರೆಲ್ಲಾ ಸೆನ್ಸರ್ ಒಳಗೆ ನಿಂತು, ಹೀಟರ್ ಕಾದ ತಕ್ಷಣ ಒಳಗಿನ ಸೆರಾಮಿಕ್ ಟಿಕ್ ಅಂತ ಒಡೆಯತ್ತೆ. ವೆಲ್ಡಿಂಗ್ ಪೈಪ್ ಬಿಚ್ಚಿ ಮಾಡ್ಸೋದೇ ಒಳ್ಳೇದು, ಬೈಕಲ್ಲೇ ಮಾಡ್ಲೇಬೇಕಂದ್ರೆ ಬ್ಯಾಟರಿ ವೈರ್, ಇಸಿಯು ಕಪ್ಲರ್ ಎರಡೂ ತೆಗೀರಿ. ಥ್ರೆಡ್ಡಿಗೆ, ಅದು ಕಚ್ಕೊಳ್ಳದ ಹಾಗೆ, ನಿಕಲ್ ಆಂಟಿಸೀಜ್ ಪೇಸ್ಟ್ ತೆಳ್ಳಗೆ ಸವರಿ, ತುದಿಗೆ ತಾಕಬಾರ್ದು. ವೈರ್ ಸಾಲದಿದ್ರೆ ಸೋಲ್ಡರ್ ಮಾಡಬೇಡಿ, ಕ್ರಿಂಪ್ ಮಾಡಿ. ಇದು ಬಹಳ ಜನಕ್ಕೆ ಗೊತ್ತಿಲ್ಲ, ಎಷ್ಟೋ ಸೆನ್ಸರ್ ಹೋಲಿಕೆಗೆ ಬೇಕಾದ ಹೊರಗಿನ ಗಾಳಿನ ಆ ವೈರಿನ ಎಳೆಗಳ ನಡುವಿಂದ್ಲೇ ಉಸಿರಾಡತ್ತೆ, ಸೋಲ್ಡರ್ ಹರಿದು ತುಂಬ್ಕೊಂಡ್ರೆ ಆ ದಾರಿ ಮುಚ್ಚಿ ಹೋಗತ್ತೆ.

ಥ್ರಾಟಲ್ ಬಿಟ್ಟಾಗ ಬರೋ ಪಟಪಟಕ್ಕೆ ಇನ್ನೊಂದು ಕಾರಣ ಏರ್ ಇಂಜೆಕ್ಷನ್ ವಾಲ್ವ್. ಉಳಿದ ಪೆಟ್ರೋಲ್ ಸುಡೋಕೆ ಅಂತ ಪೋರ್ಟಿಗೇ ತಾಜಾ ಗಾಳಿ ಬಿಡೋ ವ್ಯವಸ್ಥೆ ಇದು. ಓಪನ್ ಸೈಲೆನ್ಸರಲ್ಲಿ ಆ ಸಿಡಿತ ಜೋರಾಗಿ ಕೇಳತ್ತೆ ಅಷ್ಟೇ, ಮುಂಚೆನೂ ಇತ್ತು. ಪರೀಕ್ಷೆಗೆ ಅಂತ ಹೋಸ್ ಒಂದ್ಸಲ ಮುಚ್ಚಿ ಓಡಿಸಿ ನೋಡಿದ್ರೆ ಕಾರಣ ಗೊತ್ತಾಗತ್ತೆ. ಅದನ್ನ ಶಾಶ್ವತವಾಗಿ ಮುಚ್ಚೋದು, ಕ್ಯಾಟ್ ಕಿತ್ತು ಹಾಕೋದು ಬಹಳ ಕಡೆ ರಸ್ತೆ ಬೈಕಿಗೆ ಕಾನೂನು ಒಪ್ಪಲ್ಲ, ನಂಗೂ ಆ ವಾಸನೆ ಇಷ್ಟ ಇಲ್ಲ.

ಆಮೇಲೆ ಸೆನ್ಸರ್ ವೈರಿಗೆ ಸಿಕ್ಕಿಸೋ ಸಣ್ಣ ಪ್ಲಗ್ ಡಬ್ಬಿಗಳು. ಒಂದು ಜಾತಿ, ಒಳಗೆ ಬರೋ ಗಾಳಿ ನಿಜಕ್ಕಿಂತ 20 ಡಿಗ್ರಿ ತಣ್ಣಗಿದೆ ಅಂತ ಇಸಿಯುಗೆ ಸುಳ್ಳು ಹೇಳತ್ತೆ. ತಣ್ಣನೆ ಗಾಳಿ ದಟ್ಟ, ಹಾಗಾಗಿ ಇಸಿಯು ಸುಮಾರು ಶೇ. 6ರಿಂದ 7ರಷ್ಟು ಪೆಟ್ರೋಲ್ ಜಾಸ್ತಿ ಹೊಡೆಯತ್ತೆ. ಆದ್ರೆ ಆಕ್ಸಿಜನ್ ಸೆನ್ಸರ್ ಕೆಲಸ ಮಾಡ್ತಿರೋವರ್ಗೂ ಕ್ಲೋಸ್ಡ್ ಲೂಪಲ್ಲಿ ಅದು "ರಿಚ್ ಆಯ್ತು" ಅಂತ ವಾಪಸ್ ಇಳಿಸಿ ಬಿಡತ್ತೆ, ಲಾಭ ಸಿಗೋದು ಥ್ರಾಟಲ್ ಏರಿಸೋ ಕ್ಷಣದಲ್ಲಿ ಮತ್ತು ಓಪನ್ ಲೂಪಲ್ಲಿ ಮಾತ್ರ. ಇದೇ ಉಪಾಯನ ಇಂಜಿನ್ ಟೆಂಪರೇಚರ್ ಸೆನ್ಸರಿಗೆ ಮಾಡ್ಬೇಡಿ, ರೇಡಿಯೇಟರ್ ಫ್ಯಾನ್ ಹೊತ್ತಿಗೆ ಸರಿಯಾಗಿ ತಿರುಗದೆ ಇಂಜಿನ್ ಕಾದು ಕೂರತ್ತೆ. ಇನ್ನೊಂದು ಜಾತಿ ಆಕ್ಸಿಜನ್ ಸೆನ್ಸರ್ ಕಿತ್ತು ಅದರ ಜಾಗಕ್ಕೆ ಹಾಕೋ ರೆಸಿಸ್ಟರ್ ಪ್ಲಗ್, ಮೀಟರಲ್ಲಿ ಇಂಜಿನ್ ಎಚ್ಚರಿಕೆ ಲೈಟ್ ಬರ್ದೇ ಇರೋ ಹಾಗೆ ನೋಡ್ಕೊಳತ್ತೆ, ಪೆಟ್ರೋಲ್ ಸರಿ ಮಾಡಲ್ಲ. ಫ್ಯೂಯಲ್ ಮ್ಯಾಪ್ ಟ್ಯೂನ್ ಮಾಡ್ಸಿದ್ರೆ ಮಾತ್ರ ಅದಕ್ಕೆ ಅರ್ಥ.

ಟ್ಯೂನ್ ಮಾಡೋದಾದ್ರೆ ಕಿವಿ ನಂಬಬೇಡಿ, ಇನ್ನೊಂದು ನಟ್ ವೆಲ್ಡ್ ಮಾಡ್ಸಿ, ಗಾಳಿ-ಪೆಟ್ರೋಲ್ ಲೆಕ್ಕನ ಅಂಕಿಯಲ್ಲೇ ಹೇಳೋ ವೈಡ್‌ಬ್ಯಾಂಡ್ ಸೆನ್ಸರ್ ಹಾಕಿ. ಒಂದೇ ಸ್ಪೀಡಲ್ಲಿ 14ರಿಂದ 14.7, ಫುಲ್ ಥ್ರಾಟಲಲ್ಲಿ 12.8ರಿಂದ 13.2ರ ಆಸುಪಾಸು ಸಿಕ್ಕಿದ್ರೆ ಸಾಕು. ಕಂಟ್ರೋಲರಲ್ಲಿ ಒಂದ್ಸಲಕ್ಕೆ ಶೇ. 2-3 ಮಾತ್ರ ಬದಲಾಯಿಸಿ, ಓಡಿಸಿ, ಬರ್ಕೊಳ್ಳಿ. ಎರಡು ವಿಷ್ಯ ಒಟ್ಟಿಗೆ ಬದಲಾಯಿಸಿದ್ರೆ ಯಾವುದ್ರಿಂದ ಸರಿಹೋಯ್ತು ಅಂತ ಗೊತ್ತಾಗಲ್ಲ. ಫುಲ್ ಥ್ರಾಟಲಲ್ಲಿ ಲೀನ್ ಬಿಟ್ಟು ಓಡಿಸೋದು ಮಾತ್ರ ಬೇಡ, ಪಿಸ್ಟನ್ ತಲೆ ಸುಡತ್ತೆ.

ನಂದು ಇಷ್ಟರ ತನಕ ಹೋಗ್ಲೇ ಇಲ್ಲ. ಹೊಸ ಪ್ಯಾಕಿಂಗ್ ಹಾಕಿ, ಕಂಟ್ರೋಲರ್ ತೆಗೆದಿಟ್ಟು, ಇಸಿಯು ಹಳೇ ಲೆಕ್ಕ ಮರೆಯೋಕೆ ಮ್ಯಾನ್ಯುಯಲಲ್ಲಿ ಹೇಳಿದ ಹಾಗೆ ರೀಸೆಟ್ ಮಾಡಿ ಓಡಿಸಿದೆ, ಎರಡನೇ ಗೇರಿನ ಮುಗ್ಗರಿಸೋದು ಅವತ್ತೇ ನಿಂತ್ಹೋಯ್ತು. ಮೂರ್ನಾಲ್ಕು ಸಲ ಬಿಸಿಯಾಗಿ ತಣ್ಣಗಾದ ಮೇಲೆ ಹೆಡ್ಡಿನ ನಟ್‌ಗಳನ್ನ ಇನ್ನೊಂದ್ಸಲ ಟೈಟ್ ಮಾಡಿ ನೋಡಿ, ಹೊಸ ಪ್ಯಾಕಿಂಗ್ ಒತ್ಕೊಂಡು ಸಡಿಲ ಆಗಿರತ್ತೆ, ನಂದ್ರಲ್ಲಿ ಕೆಳಗಿನ ನಟ್ ಕಾಲು ಸುತ್ತು ತಿರುಗ್ತು.