ರಸ್ಟ್‌ನ ಲೈಫ್‌ಟೈಮ್ ದೋಷವೊಂದನ್ನು ನಾನು ಬಿಡಿಸಿಕೊಂಡ ಬಗೆ

ಪಠ್ಯ ಕಡತವೊಂದರಿಂದ ಪದಗಳನ್ನು ಒಂದೊಂದಾಗಿ ಹೆಕ್ಕಿಕೊಡುವ ಸಣ್ಣ ಪಾರ್ಸರ್ ಒಂದನ್ನು ರಸ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆಯುತ್ತಿದ್ದೆ. ಪದಗಳನ್ನು ನಕಲು ಮಾಡದೆ, ಮೂಲ ಪಠ್ಯದ ತುಣುಕುಗಳಿಗೆ ರೆಫರೆನ್ಸ್‌ಗಳನ್ನಷ್ಟೇ (ಅವು ಎಲ್ಲಿವೆಯೆಂದು ತೋರಿಸುವ ಸೂಚಿಗಳನ್ನಷ್ಟೇ) ಹಿಂದಿರುಗಿಸಬೇಕೆಂಬುದು ನನ್ನ ಉದ್ದೇಶವಾಗಿದ್ದುದರಿಂದ, ಸ್ಟ್ರಕ್ಟ್‌ನೊಳಗೆ (ಸಂಬಂಧಿತ ಮಾಹಿತಿಯನ್ನು ಒಟ್ಟಿಗಿಡುವ ರಚನೆಯೊಳಗೆ) ಒಂದು ಸ್ಟ್ರಿಂಗ್ ಸ್ಲೈಸನ್ನೂ, ಅಂದರೆ ಪಠ್ಯಕ್ಕೊಂದು ರೆಫರೆನ್ಸನ್ನೂ, ಓದು ತಲುಪಿದ ಸ್ಥಾನವನ್ನೂ ಇಟ್ಟಿದ್ದೆ. ಸ್ಲೈಸಿಗೆ ಲೈಫ್‌ಟೈಮ್ (ರೆಫರೆನ್ಸ್ ಎಷ್ಟು ಕಾಲ ಮಾನ್ಯವೆಂಬ ಗುರುತು) ಬರೆಯದೆ, ಕೋಡನ್ನು ಪರೀಕ್ಷಿಸಿ ಯಂತ್ರಕ್ಕೆ ಅನುವಾದಿಸುವ ಕಂಪೈಲರಿನಿಂದ ಬಂದ ಇ0106 ದೋಷವು ಸ್ಟ್ರಕ್ಟಿಗೆ ‘ಎ’ ಎಂಬ ಲೈಫ್‌ಟೈಮ್ ಸೇರಿಸಿದೊಡನೆ ಹೋಯಿತು.

ನಿಜವಾದ ತೊಡಕು ಮುಂದಿನ ಪದವನ್ನು ಕೊಡುವ ಮೆಥಡ್‌ನಲ್ಲಿತ್ತು (ಪಾರ್ಸರಿಗೆ ಸೇರಿದ ಫಂಕ್ಷನ್‌ನಲ್ಲಿತ್ತು). ಅದನ್ನು ಎರಡು ಬಾರಿ ಕರೆದು ಎರಡೂ ಪದಗಳನ್ನು ಹೋಲಿಸಹೋದಾಗ, ಪಾರ್ಸರನ್ನು ಏಕಕಾಲಕ್ಕೆ ಎರಡು ಸಲ ಮ್ಯೂಟಬಲ್ ಆಗಿ (ಬದಲಿಸುವ ಹಕ್ಕಿನೊಂದಿಗೆ) ಎರವಲು ಪಡೆಯುವಂತಿಲ್ಲವೆಂದು ಇ0499 ಎದುರಾಯಿತು. ಮೊದಲ ಕರೆಯನ್ನು ಪ್ರತ್ಯೇಕ ಬ್ಲಾಕಿನಲ್ಲಿಡುವ ಹಳೆಯ ಉಪಾಯ ನೆನಪಾದರೂ ಇಲ್ಲಿ ಅದು ನಿರುಪಯುಕ್ತವಾಗಿತ್ತು. 2018ರ ಡಿಸೆಂಬರಿನ 1.31 ಆವೃತ್ತಿಯೊಂದಿಗೆ ಬಂದ 2018 ಎಡಿಷನ್‌ನಿಂದಲೇ ಎರವಲು ಅದರ ಕೊನೆಯ ಬಳಕೆಯೊಂದಿಗೆ ಮುಗಿಯುತ್ತದೆ, ನಾನೋ ಮೊದಲ ಪದವನ್ನು ಎರಡನೆಯ ಕರೆಯ ನಂತರವೂ ಬಳಸುತ್ತಿದ್ದೆ. ಪದವನ್ನು ಹೊಸ ಸ್ಟ್ರಿಂಗ್ ಆಗಿ ನಕಲಿಸಿದರೆ ದೋಷ ಮಾಯವಾಗುತ್ತಿತ್ತು, ಆದರೆ ನಕಲು ಬೇಡವೆಂದೇ ತಾನೇ ಇಷ್ಟೆಲ್ಲ ಹೊರಟದ್ದು!

ಕಂಪೈಲರ್ ತೋರಿಸಿದ ಸಾಲನ್ನು ಬಿಟ್ಟು ಮೆಥಡ್‌ನ ಸಿಗ್ನೇಚರ್ (ಅದು ಏನನ್ನು ಪಡೆದು ಏನನ್ನು ಕೊಡುತ್ತದೆಂಬ ಘೋಷಣೆ) ನೋಡಿದ ಮೇಲೆ ಕಾರಣ ತಿಳಿಯಿತು. ಹಿಂದಿರುಗಿಸುವ ರೆಫರೆನ್ಸಿಗೆ ನಾನು ಲೈಫ್‌ಟೈಮ್ ಬರೆದಿರಲಿಲ್ಲ. ಹಾಗೆ ಬಿಟ್ಟಾಗ, ಬರೆಯದ ಲೈಫ್‌ಟೈಮನ್ನು ಕಂಪೈಲರೇ ತುಂಬಿಕೊಳ್ಳುವ ಎಲಿಷನ್ ನಿಯಮದ ಪ್ರಕಾರ ಅದಕ್ಕೆ ಸೆಲ್ಫ್ (ಇಲ್ಲಿ ಪಾರ್ಸರ್) ರೆಫರೆನ್ಸಿನ ಲೈಫ್‌ಟೈಮ್ ಅಂಟಿಕೊಳ್ಳುತ್ತದೆ. ಅಂದರೆ, ಪದ ಬಳಕೆಯಲ್ಲಿರುವಷ್ಟು ಹೊತ್ತೂ ಪಾರ್ಸರ್ ಬೀಗ ಹಾಕಿಕೊಂಡಿರುತ್ತದೆಂದು ನನಗರಿವಿಲ್ಲದೆ ನಾನೇ ಬರೆದುಕೊಟ್ಟಿದ್ದೆ.

ಆತುರದಲ್ಲಿ ‘ಎ’ಯನ್ನು ಮ್ಯೂಟಬಲ್ ಸೆಲ್ಫ್‌ಗೇ ಹಚ್ಚಿ ನೋಡಿದೆ. ಅದು ಇನ್ನೂ ಕೆಟ್ಟದ್ದು: ಒಮ್ಮೆ ಕರೆದರೆ ಪಾರ್ಸರ್ ಮತ್ತೆಂದೂ ಬಳಕೆಗೆ ಸಿಗುವುದಿಲ್ಲ. ಸೆಲ್ಫನ್ನು ಮೊದಲಿನಂತೆಯೇ ಬಿಟ್ಟು, ಹಿಂದಿರುಗಿಸುವ ಸ್ಲೈಸಿಗೆ ಮಾತ್ರ ‘ಎ’ ಬರೆದಾಗ ಎಲ್ಲವೂ ಕಂಪೈಲ್ ಆಯಿತು. ಮೆಥಡ್‌ನ ಒಳಗೆ ಒಂದಕ್ಷರವನ್ನೂ ಬದಲಿಸಬೇಕಾಗಲಿಲ್ಲ, ಏಕೆಂದರೆ ಹಂಚಿಕೆಯ (ಓದಲಷ್ಟೇ ಬಳಸುವ) ರೆಫರೆನ್ಸ್ ಪಠ್ಯವನ್ನು ನಕಲಿಸದೆ ತಾನಷ್ಟೇ ಕಾಪಿ ಆಗುವಂಥದ್ದು. ಅದನ್ನು ಸ್ಟ್ರಕ್ಟಿನಿಂದ ಹಾಗೆಯೇ ಹೊರತೆಗೆಯಬಹುದು.

ಉಳಿದದ್ದು ಇ0515 ದೋಷ. ಕಡತವನ್ನು ಓದುವ ಫಂಕ್ಷನ್‌ನೊಳಗೇ ಪಾರ್ಸರನ್ನು ಕಟ್ಟಿ ಹಿಂದಿರುಗಿಸುತ್ತಿದ್ದೆ, ಪಠ್ಯದ ಸ್ಟ್ರಿಂಗ್ ಮಾತ್ರ ಫಂಕ್ಷನ್ ಮುಗಿದಾಗಲೇ ಅಳಿಯುತ್ತಿತ್ತು. ಇದಕ್ಕೆ ಯಾವ ಲೈಫ್‌ಟೈಮ್ ಬರೆದರೂ ಪರಿಹಾರವಿಲ್ಲವಾದ್ದರಿಂದ, ಆ ಫಂಕ್ಷನ್ ಸ್ಟ್ರಿಂಗನ್ನೇ ಹಿಂದಿರುಗಿಸುವಂತೆ ಮಾಡಿ, ಪಾರ್ಸರನ್ನು ಪ್ರೋಗ್ರಾಂ ಶುರುವಾಗುವ ಮೇನ್ ಫಂಕ್ಷನ್‌ನಲ್ಲಿ ಕಟ್ಟಿದೆ.